ಹುಣಸೆಹಣ್ಣಿನಲ್ಲಿ ತೊಳೆದ ರೋಬೋಟ್

ತಾಮ್ರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ ಮಕ್ಕಳೇ. ಯಾರ ಮನೆಗೆ ಹೋಗಿ ಕುಳಿತರೂ ಅವರ ದೇವರ ಮುಂದಿನ ಕಪ್ಪು ಹಿಡಿದ ತಂಬಿಗೆಯ ಮೇಲೇ ನನ್ನ ಕಣ್ಣು. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವವಳು, ಪಾತ್ರೆ ತಿಕ್ಕಲು ಮಾತ್ರ ಎಂದೂ ನಾಚಿದವಳಲ್ಲ. ಈ ಗುಣದಿಂದಲೇ ನಿಮ್ಮ ಅಮ್ಮನ ರೋಬೋಟ್ ಒಮ್ಮೆ ಹಾಳಾಗುವುದರಲ್ಲಿತ್ತು. ಅವಳಿಗೆ ಇಂದಿಗೂ ಹೇಳದ ಆ ಸಂಗತಿಯನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿತ್ತು. ನಿಮ್ಮ ಅಮ್ಮ ಸುಮಾ ಮಂಚಿಕೇರಿಯಿಂದ ಶಿರಸಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅಲ್ಲಿನ ವಿಜ್ಞಾನ ಪ್ರದರ್ಶನಕ್ಕೆ, ನೆಲದ ಮೇಲಿನ ಕಪ್ಪು ಗೆರೆ ಹಿಡಿದು ತಾನಾಗಿ ನಡೆಯುವ ರೋಬೋಟ್ ಮಾಡುತ್ತೇನೆಂದು ಹೆಸರು ಕೊಟ್ಟು ಬಂದಳು. ಎರಡು ಕಾಲಿನ ಮನುಷ್ಯ ಬರುತ್ತಾನೆಂದು ನಾನು ಕಾದಿದ್ದರೆ, ಬಂದದ್ದು ಚಕ್ರ ಕಟ್ಟಿಕೊಂಡ ಸಾಬೂನು ಪೆಟ್ಟಿಗೆ. ಒಂದು ಚಕ್ರಕ್ಕೆ ಆಟಿಕೆ ಕಾರಿನ ಮೋಟಾರು, ಇನ್ನೊಂದಕ್ಕೆ ಅಜ್ಜನ ಟೇಪ್ ರೆಕಾರ್ಡರಿನದು. ಅವರ ಯಕ್ಷಗಾನದ ಕ್ಯಾಸೆಟ್ಟುಗಳನ್ನು ತಿರುಗಿಸಿ ತಿರುಗಿಸಿ ಸವೆದ ಮೋಟಾರು ಅದು. ಬಿಚ್ಚುವ ಮೊದಲು ಸುಮಾ ನನ್ನ ಮುಖ ನೋಡಿದಳು. "ತಗ ಕೂಸೇ, ಅಪ್ಪಯ್ಯ ಇದ್ದಿದ್ರೂ ಕೊಡ್ತಿದ್ದ" ಎಂದೆ.

ರೋಬೋಟಿನ ತಲೆಯೆಂದರೆ ತಾಮ್ರ ಮೆತ್ತಿದ ಒಂದು ಹಲಗೆ. ಅದರ ಮೇಲೆ ಅವಳು ತನ್ನ ಕಾಲೇಜಿನ ನೋಟುಪಟ್ಟಿಯಲ್ಲಿದ್ದ, ಕರೆಂಟು ಹರಿಯುವ ದಾರಿಯ ಚಿತ್ರವನ್ನು ಕಪ್ಪು ಶಾಯಿಯಲ್ಲಿ ಬರೆದು, ಒಣಗಲೆಂದು ಹಿತ್ತಲ ಕಟ್ಟೆಯ ಮೇಲಿಟ್ಟು, ಯಾವುದೋ ಪುಡಿ ತರಲು ಶಿರಸಿಗೆ ಹೋದಳು. ಆ ಕಟ್ಟೆಯ ಮೇಲಿಟ್ಟದ್ದೆಲ್ಲ ತೊಳೆಯುವುದಕ್ಕೇ ಎಂಬುದು ನಮ್ಮ ಮನೆಯ ಪದ್ಧತಿ. ತಾಮ್ರಕ್ಕೆ ಇಷ್ಟು ಮಸಿಯೇ ಎಂದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಯೇ ಉಜ್ಜಿದೆ. ಹಲಗೆ ಬೆಳಗಿನ ಸೂರ್ಯನಂತೆ ಹೊಳೆಯಿತು. ಒಳಗೆ ಬಂದು ನೋಡಿದರೆ, ಮೇಜಿನ ಮೇಲೆ ತೆರೆದಿದ್ದ ಪಟ್ಟಿಯಲ್ಲಿ ಅದೇ 'ಮಸಿ'!

ಪ್ರದರ್ಶನ ಮರುದಿನವೇ. ಇದ್ದದ್ದು ಅದೊಂದೇ ಹಲಗೆ. ಬೆವರು ಒರೆಸಿಕೊಂಡು ಅವಳ ಪೆನ್ನು ಹಿಡಿದೆ. ಚುಕ್ಕಿ, ಎಳೆ, ತಿರುವು. ನೋಡನೋಡುತ್ತ ರಂಗೋಲಿಯೇ ಅನ್ನಿಸಿತು. ಒಂದು ಕಡೆ ಮಾತ್ರ ಎರಡು ಎಳೆಗಳು ಹತ್ತಿರ ಬಂದು, ಜಗಳವಾಡಿದ ಓರಗಿತ್ತಿಯರಂತೆ ಸೇರದೇ ನಿಂತಿದ್ದವು. ಎಳೆ ಬಾಯಿ ತೆರೆದಿರಬಾರದು ಎಂದು ನನ್ನ ಅತ್ತೆ ಕಲಿಸಿದ್ದು. ಪಾಪ, ಹುಡುಗಿ ಅವಸರದಲ್ಲಿ ಬಿಟ್ಟಿದ್ದಾಳೆಂದು ಕೂಡಿಸಿಬಿಟ್ಟೆ.

ಸಂಜೆ ಬಂದ ಸುಮಾ ಹಲಗೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಪ್ಲಾಸ್ಟಿಕ್ ಬೋಗುಣಿಯಲ್ಲಿ ಪುಡಿ ಕದಡಿದಳು. ಅಡಿಕೆ ಬೇಯಿಸಿದ ಚೊಗರಿನ ಬಣ್ಣದ ನೀರು. "ಆಯಿ, ಮೆಲ್ಲಗೆ ತೂಗ್ತಾ ಇರು" ಎಂದಳು. ತೊಟ್ಟಿಲಂತೆ ತೂಗುತ್ತ ಕುಳಿತೆ. ಆ ಕೆಂಪು ನೀರೊಳಗೆ ತಾಮ್ರ ನಿದ್ದೆಗೆ ಜಾರಿದಂತೆ ಮಾಯವಾಗುತ್ತ, ಶಾಯಿಯ ಅಡಿಯಲ್ಲಿದ್ದದ್ದು ಮಾತ್ರ ಉಳಿಯಿತು. ಮುಚ್ಚಿಟ್ಟದ್ದೇ ಬಾಳಿಕೆ ಬರುತ್ತದೆ ಎಂದು ನನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡೆ.

ರಾತ್ರಿ ಅವಳು ಹಲಗೆಗೆ ತಂತಿ, ಬಿಡಿಭಾಗಗಳನ್ನೆಲ್ಲ ಬೆಸೆದಳು. ಬೆಳಿಗ್ಗೆ ಜಗುಲಿಯ ಮೇಲೆ ಗೆರೆ ಎಳೆದು ರೋಬೋಟನ್ನು ಬಿಟ್ಟರೆ, ಅದು ಗೆರೆಯನ್ನು ಕಣ್ಣೆತ್ತಿಯೂ ನೋಡದೆ ಗಿರಗಿರನೆ ಸುತ್ತಿತು. ಅಜ್ಜನ ಮೋಟಾರಿಗೆ ಭಾಗವತರ ಪದ ನೆನಪಾಗಿರಬೇಕು ಎಂದು ಒಂದು ಗಳಿಗೆ ಮೈಮರೆತು ನೋಡಿದೆ. ಸುಮಾ ಮಾತ್ರ ತಂತಿಗಳನ್ನೆಲ್ಲ ಎಳೆದೆಳೆದು ನೋಡಿ, ಕೊನೆಗೆ ಮುಖ ಮುಚ್ಚಿಕೊಂಡಳು. "ನನ್ನ ಕೈಲಿ ಆಗ್ತಿಲ್ಲೆ ಆಯಿ. ಆನು ಹೋಗ್ತ್ನಿಲ್ಲೆ."

ತಪ್ಪು ನನ್ನದೆನ್ನಲು ನಾಲಿಗೆ ಏಳಲಿಲ್ಲ, ಬೆರಳು ಎದ್ದಿತು. "ಇಲ್ಲಿ ಎಳೆ ಕೂಡಿದ್ದು ಸರಿ ಇಲ್ಲೆ ಕಾಣ್ತು."

ಅವಳು ಬಗ್ಗಿ ನೋಡಿ, ಬ್ಲೇಡಿನಿಂದ ಅಷ್ಟೇ ಜಾಗ ಕೆರೆದಳು. ರೋಬೋಟ್ ಗೆರೆ ಹಿಡಿದು ನಡೆಯಿತು, ಹೊಸ ಮದುಮಗಳಂತೆ ತಲೆ ತಗ್ಗಿಸಿ. "ನಾಲ್ಕನೇ ಇಯತ್ತೆ ಓದಿದ ಆಯಿಗೆ ಇದು ಹ್ಯಾಂಗೆ ಗೊತ್ತಾತು?" ಎಂದು ಅವಳು ಕೇಳಿದಾಗ, "ಎಂತ ಮಹಾ?" ಎಂದುಬಿಟ್ಟೆ. ಅಂದಿನಿಂದ ಮಿಕ್ಸರ್ ಕೆಡಲಿ, ರೇಡಿಯೋ ಕೆಡಲಿ, "ಆಯಿ, ಎಂತ ಆಯ್ದು ನೋಡು" ಎಂದು ಮೊದಲು ನನ್ನ ಮುಂದೆ ತಂದಿಡುತ್ತಾಳೆ. ನಾನೂ ಕನ್ನಡಕ ಏರಿಸಿ, ತಿಳಿದವಳಂತೆ ತಲೆಯಾಡಿಸುತ್ತೇನೆ.

ಇಲ್ಲಿಗೆ ಮುಗಿಸುವವಳಿದ್ದೆ. ಮೊನ್ನೆ ಹಳೆಯ ಟ್ರಂಕಿನಲ್ಲಿ ಆ ಹಲಗೆ ಸಿಕ್ಕಿತು. ತಾಮ್ರ ಕಪ್ಪಾಗಿದೆಯಲ್ಲ ಎಂದು, ಅಭ್ಯಾಸಬಲ, ಒಂದಿಷ್ಟು ಹುಣಸೆಹಣ್ಣು ತಿಕ್ಕಿದೆ. ಮೂಲೆಯಲ್ಲಿ ಸೂಜಿಯಿಂದ ಗೀರಿದ ಸುಮಾಳ ಅಕ್ಷರ ಹೊಳೆಯಿತು: 'ರಂಗೋಲಿ: ಆಯಿ. ಪ್ರದರ್ಶನದ ಹಿಂದಿನ ಸಂಜೆ.'

ಹಾಗಾದರೆ ಇಷ್ಟು ವರ್ಷ ಮಿಕ್ಸರಿನ ಮುಂದೆ ನಾನು ತಲೆಯಾಡಿಸುತ್ತಿದ್ದಾಗ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಕೆಮ್ಮಿಗಲ್ಲ!