ಎರಡು ಗೇಣು ದೂರದ ರೊಟ್ಟಿ ಸದ್ದು

ತನಗೆ ಸಿಟ್ಟೇ ಬರುವುದಿಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥವರು ಹೊಸಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ ಮಲಗಿ ನೋಡಬೇಕು. ಹೈಸ್ಕೂಲು ಮಕ್ಕಳ ಗಲಾಟೆಯಲ್ಲೇ ಆಯುಷ್ಯ ಸವೆಸಿದ ನಾನು ನಿವೃತ್ತಿಯ ಮೇಲೆ ಬಯಸಿದ್ದು ಊಟದ ನಂತರದ ಒಂದು ತಾಸು ನಿದ್ದೆ, ಅಷ್ಟೆ. ಮೇಲಿನ ಮನೆಯ ಬಸಮ್ಮ ಸರಿಯಾಗಿ ಅದೇ ಹೊತ್ತಿಗೆ ಜೋಳದ ರೊಟ್ಟಿ ಬಡಿಯಲು ನಿಲ್ಲುತ್ತಾಳೆ. ತೋರಣಗಲ್ಲಿನ ಒಂದು ಖಾನಾವಳಿಗೆ, ಕಾರ್ಖಾನೆಯ ಸಂಜೆ ಪಾಳಿಯವರ ಊಟಕ್ಕೆ, ಆಕೆಯ ರೊಟ್ಟಿಯೇ ಹೋಗಬೇಕು. ತಪ್ಪ ತಪ್ಪ ತಪ್ಪ. ನನ್ನ ನೆತ್ತಿಯ ಮೇಲೆಯೇ ಬಡಿದ ಹಾಗೆ.

ಮನೆ ಮಾಲೀಕ ವೀರಣ್ಣನಿಗೆ ದೂರು ಹೇಳಿದೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವನು. ಗಿರಣಿಯ ಸದ್ದಿನಲ್ಲೇ ಬೆಳೆದ ಕಿವಿ. ನಮ್ಮ ಮನೆಗೆ ಬಂದು ನಿಂತು ಕೇಳಿ, "ನನಗೇನೂ ಕೇಳಸವಲ್ದು ಸರ" ಅಂದ. ರಕ್ತ ಕುದಿಯಿತು. ಸಾಕ್ಷಿಯನ್ನೇ ಕೊಡೋಣವೆಂದು ನಡುಮನೆಯಲ್ಲಿ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿದರೆ, ಫ್ಯಾನಿನ ಗರಗರದ ಹಿಂದೆ ರೊಟ್ಟಿಯ ಸದ್ದು ಪಕ್ಕದ ಓಣಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದಷ್ಟು. ಫೋನಿನ ಮೇಲೂ ಸಿಟ್ಟು ಬಂತು. ಮರುದಿನ ಕಳ್ಳ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿ, ಬಸಮ್ಮನ ಅಡುಗೆಕಟ್ಟೆಯ ಕಿಟಕಿಗೆ, ಪರದೆಯ ಮರೆಯಲ್ಲಿ ಫೋನು ಹಿಡಿದೆ. ಆಕೆಯ ಕೈಗೂ ಫೋನಿಗೂ ಎರಡೇ ಗೇಣು.

ವೀರಣ್ಣನನ್ನು ಮತ್ತೆ ಕರೆಸಿ, ನಮ್ಮ ನಡುಮನೆಯಲ್ಲೇ ಹಿಡಿದದ್ದೆಂದು ಕೇಳಿಸಿದೆ. ಬೆಚ್ಚಿಬಿದ್ದ. "ಇದೇನ್ರಿ, ಸಂಡೂರು ಗಣಿಯಾಗ ಬ್ಲಾಸ್ಟಿಂಗ್ ಮಾಡಿದಂಗೈತಿ." ಆಗಲೇ ಬಸಮ್ಮನನ್ನು ನಮ್ಮ ಮನೆಗೆ ಕರೆಸಿ ಹೇಳಿಬಿಟ್ಟ: "ನೋಡವ್ವ, ರೊಟ್ಟಿ ಬಿಡು, ಇಲ್ಲ ಮನಿ ಬಿಡು."

ಬಸಮ್ಮನ ಮುಖ ಕೆಂಪಾಯಿತು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, "ಇನ್ನೊಮ್ಮೆ ಹಚ್ರಿ" ಎಂದಳು. ಕಿವಿಗೊಟ್ಟು ಕೇಳಿದಳು. "ಇದರಾಗ ನನ್ನ ಬಳೆ ಸದ್ದು ಐತಿ. ಗ್ಯಾಸ್ ಬುಸ್ ಅನ್ನೋದೂ ಐತಿ. ಬಳೆ ಸದ್ದು ಸ್ಲ್ಯಾಬ್ ದಾಟಿ ಕೆಳಗ ಹೆಂಗ ಬಂತ್ರಿ ಸರ?"

ನನ್ನ ಕಿವಿ ಬಹಳ ಸೂಕ್ಷ್ಮ ಎಂದು ಮೇಷ್ಟ್ರ ದನಿ ಏರಿಸಿದೆ. ಏರಿಸಬಾರದಿತ್ತು, ಫೋನು ನಿಲ್ಲಿಸುವುದು ಮರೆತೆ. ಅದರೊಳಗಿಂದ, ಬಾವಿಯ ತಳದಿಂದ ಬಂದಂತೆ, ನನ್ನ ಹೆಂಡತಿಯ ದನಿ: "ಏನ್ರೀ, ಮ್ಯಾಲ ಏನ್ ಮಾಡಕತ್ತೀರಿ? ಕೆಳಗ ಬರ್ರಿ, ಚಾ ಆರಕತ್ತೈತಿ."

ವೀರಣ್ಣ ಸೂರು ನೋಡಿದ. ಬಸಮ್ಮ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. "ಕದ ಬಡದಿದ್ರ ಒಳಗ ಕರದು ಕುಂದ್ರಸ್ತಿದ್ದೆ ಸರ. ಹೆಂಗಸಿನ ಕಿಟಕಿಗೆ ಯಾಕ ಬಂದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದಳು. ಮನೆ ಬಿಡುವ ಮಾತನ್ನು ವೀರಣ್ಣ ಅವಳ ಬೆನ್ನಿಗೇ ವಾಪಸ್ ತೆಗೆದುಕೊಂಡ. ನನಗೆ ಮಾತ್ರ, "ನೀವು ಮಲಗೋ ಜಾಗದಾಗ ಇಟ್ಟು ರೆಕಾರ್ಡ್ ಮಾಡ್ರಿ, ಕೇಳ್ತೀನಿ" ಅಂದ.

ಹಟಕ್ಕೆ ಬಿದ್ದು ಮರುದಿನವೇ ಫೋನನ್ನು ದಿಂಬಿನ ಮಗ್ಗುಲಿಗಿಟ್ಟು, ಹಲ್ಲು ಕಚ್ಚಿಕೊಂಡು ಮಲಗಿದೆ. ಎದ್ದು ಕೇಳಿದರೆ ಒಂದು ತಾಸಿನ ಉದ್ದಕ್ಕೂ ರೊಟ್ಟಿಯ ಸದ್ದೇ ಇಲ್ಲ. ಇದ್ದದ್ದು ನನ್ನ ಗೊರಕೆ, ಗಿರಣಿಯವನೂ ಬೆಚ್ಚುವಂಥದ್ದು. ನಡುವೆ ಒಮ್ಮೆ ಹೆಂಡತಿ "ಶಿವನೇ" ಎಂದು ಬಾಗಿಲು ಎಳೆದುಕೊಂಡು ಹೊರಗೆ ಹೋಗುವುದು ಕೇಳುತ್ತದೆ.

ವೀರಣ್ಣ ಎರಡು ಸಲ ಕರೆ ಮಾಡಿ, "ರೆಕಾರ್ಡಿಂಗ್ ಏನಾತ್ರಿ ಸರ?" ಎಂದ. ಫೋನು ಕೆಟ್ಟುಹೋಗಿದೆ ಎಂದು ಸಿಟ್ಟಿನಿಂದಲೇ ಹೇಳಿದೆ, ಅದೇ ಫೋನಿನಲ್ಲಿ.