ಹಿಂದಿನ ಕೋಣೆಯ ನಾನೂರು ವ್ಯಾಟ್

ಲೈಬ್ರರಿ ಸಾರ್ ಅವರ ಕೆಲಸವೇ ಊರವರ ಬಾಯಿ ಮುಚ್ಚಿಸುವುದು. ಗ್ರಂಥಾಲಯದ ಮೇಜಿನ ಹಿಂದೆ ಕೂತು ದಿನವಿಡೀ ತುಟಿಯ ಮೇಲೆ ಬೆರಳಿಡುವ ಈ ಮನುಷ್ಯ, ಮನೆಗೆ ಬಂದೊಡನೆ ನಾನೂರು ವ್ಯಾಟಿನ ಆಂಪ್ಲಿಫೈಯರ್ ಕಟ್ಟಲು ಕೂರುತ್ತಿದ್ದರು. ಎಂಟು ಗಂಟೆ ನುಂಗಿಕೊಂಡ ಸದ್ದು ಎಲ್ಲಿಗಾದರೂ ಹೋಗಬೇಕಲ್ಲ. ಕಟ್ಟಲು ಹಿಡಿದು ಐದು ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ತಂತಿ, ತಗಡು, ತೂತು ಕೊರೆದ ಹಲಗೆಗಳು ಎಷ್ಟು ತುಂಬಿದ್ದವೆಂದರೆ, ಒಳಗೆ ಕಾಲಿಡುವ ದಾರಿ ಅವರೊಬ್ಬರಿಗೇ ಗೊತ್ತಿತ್ತು.

ಆ ಭಾನುವಾರದ ರಾದ್ಧಾಂತ ಶುರುವಾದದ್ದು ಒಂದು ಸೂಜಿಯಿಂದ. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಶಾಲೆಯೊಂದಕ್ಕೆ ಅರವತ್ತು ಜೊತೆ ಸಮವಸ್ತ್ರ ಒಪ್ಪಿಕೊಂಡು, ಜಾಗವಿಲ್ಲದೆ ಅಡುಗೆಮನೆಯ ಮೂಲೆಯಲ್ಲಿ ಹೊಲಿಯುತ್ತಿದ್ದಾಗ ಸೂಜಿ ಜಾರಿ ಹಿಟ್ಟಿನ ಡಬ್ಬಿಗೆ ಬಿತ್ತು. ಹಿಟ್ಟನ್ನೆಲ್ಲ ಜರಡಿ ಹಿಡಿದು ಸೂಜಿ ಹುಡುಕಿದ ಮೇಲೆ, ಆಕೆ ಜರಡಿಯ ಸಮೇತ ಹಿಂದಿನ ಕೋಣೆಯ ಬಾಗಿಲಿಗೆ ಬಂದರು.

"ನೋಡಿ, ಇವತ್ತು ಸಂಜೆಯೊಳಗೆ ನಿಮ್ಮ ಪೆಟ್ಟಿಗೆ ಹಾಡಬೇಕು. ಹಾಡಲಿಲ್ವೋ, ಈ ಕೋಣೆ ನನ್ನ ಮೆಷಿನ್ನಿಗೆ."

"ಸಂಜೆ ತನಕ ಯಾಕೆ, ಮಧ್ಯಾಹ್ನಕ್ಕೇ ಹಾಡತ್ತೆ" ಎಂದರು ಸಾರ್. ಅವರ ಮನೆಯಲ್ಲಿ ಜಾಗಕ್ಕೆ ಬರವಿತ್ತೇ ಹೊರತು ಆತ್ಮವಿಶ್ವಾಸಕ್ಕಲ್ಲ.

ಸುದ್ದಿ ಕೇಳಿ ಮಹಡಿ ಮೇಲಿನ ಮನೆಯ ಕಾಂಪೌಂಡರ್ ಸ್ಟೆತೊಸ್ಕೋಪಿನೊಂದಿಗೆ ಇಳಿದು ಬಂದರು. ಹೆಂಡತಿಯ ತಮ್ಮನಂತೂ ಅಂಗಡಿಯಿಂದ ಹೊಸದಾಗಿ ತಂದ ರೆಡಿಮೇಡ್ ಆಂಪ್ಲಿಫೈಯರನ್ನೇ ಕಂಕುಳಲ್ಲಿ ಹಿಡಿದುಕೊಂಡು ಹಾಜರಾದ. ಐದು ವರ್ಷದಿಂದ ಅವನದು ಒಂದೇ ವಾದ: ಕೊಂಡು ತಂದರೆ ಕೆಲಸ ಮುಗಿಯಿತು.

"ಭಾವ, ಹಸಿವಾದಾಗ ಯಾರಾದ್ರೂ ಒಲೆ ಕಟ್ಟೋಕೆ ಕೂರ್ತಾರಾ?"

ಸಾರ್ ನಕ್ಕರು. ತಮ್ಮ ಟ್ರಾನ್ಸ್‌ಫಾರ್ಮರ್ ಒಂದೇ ಅವನ ಇಡೀ ಡಬ್ಬಿಗಿಂತ ಭಾರ ತೂಗುತ್ತದೆಂದೂ, ಅಂಗಡಿಯವರ ವ್ಯಾಟೆಲ್ಲ ಬರೀ ಲೇಬಲ್ಲಿನ ಮೇಲಿನದೆಂದೂ ತಿಳಿಸಿಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜನಕ್ಕೆ ಇಂದು ಬುದ್ಧಿ ಕಲಿಸುವುದೆಂದು ನಿರ್ಧರಿಸಿ, ಕೊನೆಯ ಬೆಸುಗೆ ಹಾಕಿದರು.

ಹೊಸದಾಗಿ ಕಟ್ಟಿದ್ದನ್ನು ಯಾರೂ ನೇರವಾಗಿ ಕರೆಂಟಿಗೆ ಒಡ್ಡುವುದಿಲ್ಲ. ನಡುವೆ ಒಂದು ಬಲ್ಬು ಸೇರಿಸುತ್ತಾರೆ. ಒಳಗೆಲ್ಲಾದರೂ ತಪ್ಪಿದ್ದರೆ ಬಲ್ಬು ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಸಾರ್ ಈ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿ, ಬಲ್ಬಿನ ಬೋರ್ಡಿಗೆ ಪ್ಲಗ್ ಹಾಕಿ ಸ್ವಿಚ್ ಒತ್ತಿದರು. ಬಲ್ಬು ಒಮ್ಮೆ ಕಣ್ಣು ಬಿಟ್ಟು ಮಂಕಾಯಿತು. ತಪ್ಪೇನೂ ಇರಲಿಲ್ಲ. ಅವರು ಗತ್ತಿನಿಂದ ಹಾಡು ಹಚ್ಚಿದರು.

ನಾನೂರು ವ್ಯಾಟ್ ಪಿಸುಗುಟ್ಟಿತು. ಗುಂಡಿ ತಿರುಗಿಸಿದಷ್ಟೂ ಬಲ್ಬು ಮಿಣಮಿಣ ಎಂದಿತೇ ಹೊರತು, ಹಾಡು ನೆಗಡಿಯಾದವರಂತೆ ಗೊರಗೊರ ಎಂದು ನಿಂತುಹೋಯಿತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು ಎಂದ ಭಾವಮೈದ.

ಕಾಂಪೌಂಡರ್ ಸ್ಪೀಕರಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಜೀವ ಇದೆ, ಆದರೆ ನಿಶ್ಶಕ್ತಿ ಎಂದು ಹೇಳಿದರು. ಸಾರ್ ಎದೆಗುಂದಲಿಲ್ಲ. ನಾಲ್ಕು ಟ್ರಾನ್ಸಿಸ್ಟರ್ ಬಿಚ್ಚಿ ಹೊಸದು ಹಾಕಿದರು. ಪಿಸುಮಾತು. ಕೆಪ್ಯಾಸಿಟರ್ ಬದಲಾಯಿಸುವಾಗ ಎರಡು ಬೆರಳು ಸುಟ್ಟುಕೊಂಡರು. ಕಾಂಪೌಂಡರ್ ಬೆರಳಿಗೆ ಮುಲಾಮು ಹಚ್ಚಿದರು. ಆಮೇಲೂ ಪಿಸುಮಾತು. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿತು.

ಮೂರು ಗಂಟೆಗೆ ಭಾವಮೈದನ ತಾಳ್ಮೆ ಮುಗಿಯಿತು. ಪ್ಲಗ್ ಕಿತ್ತು, ಅದೇ ಬೋರ್ಡಿಗೆ ತನ್ನ ರೆಡಿಮೇಡಿನದನ್ನು ಹಾಕಿ, ಹಾಡು ಅಂದ್ರೆ ಹೀಗಿರಬೇಕು ಎಂದು ಗುಂಡಿ ತಿರುಗಿಸಿದ. ಅದೂ ಪಿಸುಗುಟ್ಟಿತು. ಅವನ ಮುಖ ಸಪ್ಪೆಯಾಯಿತು. ಸಾರ್‌ಗೆ ಗೆದ್ದಷ್ಟೇ ಖುಷಿಯಾಯಿತು. ಕೊಂಡದ್ದೂ ಅಷ್ಟೇ, ಕಟ್ಟಿದ್ದೂ ಅಷ್ಟೇ. ಹಾಗಿದ್ದ ಮೇಲೆ ಕಟ್ಟಿದವನೇ ಮೇಲು ಎಂದು ಅವರು ಮೀಸೆ ತಿರುವಿದರು.

ಅಷ್ಟರಲ್ಲಿ ಆಕೆ ಕೊರಳಿಗೆ ಟೇಪು ಹಾಕಿಕೊಂಡು ಗೋಡೆ ಅಳೆಯಲು ಬಂದರು. ಮೆಷಿನ್ ಎಲ್ಲಿ ಕೂರಬಹುದೆಂದು ನೋಡುತ್ತಲೇ ಕೇಳಿದರು:

"ಹಾಡೋಕೆ ಬಲ್ಬ್ ಯಾಕ್ರೀ ಉರೀಬೇಕು? ಕರೆಂಟೆಲ್ಲ ಅದೇ ತಿಂದ್ರೆ ಪೆಟ್ಟಿಗೆಗೆ ಏನು ಉಳಿಯತ್ತೆ?"

ಮೂವರೂ ಬಲ್ಬಿನ ಕಡೆ ತಿರುಗಿ ನೋಡಿದರು. ಪರೀಕ್ಷೆ ಮುಗಿದ ಮೇಲೆ ಬಲ್ಬು ತೆಗೆಯಬೇಕೆಂಬುದನ್ನು ಸಾರ್ ಬೆಳಗಿನಿಂದ ಮರೆತೇಬಿಟ್ಟಿದ್ದರು.

"ಅದನ್ನೇ ಹೇಳೋಣ ಅಂತಿದ್ದೆ" ಎಂದು, ತಮ್ಮ ಆಂಪ್ಲಿಫೈಯರಿನ ಪ್ಲಗ್ಗನ್ನು ನೇರವಾಗಿ ಗೋಡೆಗೆ ಚುಚ್ಚಿದರು. ಗುಂಡಿ ಪೂರ್ತಿ ತಿರುಗಿಸಿಟ್ಟ ಹಾಗೇ ಇತ್ತು.

ಕಿಟಕಿಯ ಗಾಜು ಅದುರಿತು. ಅಡುಗೆಮನೆಯಲ್ಲಿ ಸೌಟು ಬಿತ್ತು. ಸ್ಪೀಕರಿಗೆ ಸ್ಟೆತೊಸ್ಕೋಪ್ ಹಚ್ಚಿ ಕೂತಿದ್ದ ಕಾಂಪೌಂಡರ್ ಕೂತಲ್ಲಿಂದ ಹಾರಿ ಬಾಗಿಲ ಹತ್ತಿರ ಇಳಿದರು. ಸದ್ದು ತಗ್ಗಿಸಿದ ಮೇಲೆ ಹಾಡು ಎಷ್ಟು ಇಂಪಾಗಿತ್ತೆಂದರೆ, ಭಾವಮೈದ ಬಾಯಿ ತೆರೆದು ನಿಂತ. ಸಾರ್‌ಗೆ ಕಣ್ಣು ತುಂಬಿ ಬಂತು.

"ತುಂಬಾ ಚೆನ್ನಾಗಿದೆ ರೀ" ಎಂದರು ಆಕೆ. ನಿಜವಾಗಿಯೂ ಮೆಚ್ಚಿದ್ದರು. "ಪೂರ್ತಿ ಮುಗೀತು ತಾನೆ?"

"ಮುಗೀತು ಅಂದ್ರೆ ಮುಗೀತು. ಒಂದು ಸ್ಕ್ರೂ ತಿರುಗಿಸೋದೂ ಬಾಕಿ ಇಲ್ಲ."

ಆಕೆ ತಮ್ಮನ ಕಡೆ ತಿರುಗಿ, ಮೆಷಿನ್ನಿಗೆ ಒಂದು ಕೈ ಹಾಕು ಬಾ ಎಂದರು. ಸಾರ್ ಬಾಗಿಲಿಗೆ ಅಡ್ಡ ನಿಂತರು. ಪೆಟ್ಟಿಗೆ ಹಾಡಿದೆ, ಮಾತಿನ ಪ್ರಕಾರ ಕೋಣೆ ತಮ್ಮದು ಎಂದು ವಾದಿಸಿದರು.

"ಹಾಡದೇ ಇದ್ದಿದ್ರೆ ಕೋಣೆ ಕೇಳೋಕೆ ನನಗೇ ಮನಸ್ಸು ಬರ್ತಿರಲಿಲ್ಲ, ಪಾಪ, ಕೆಲಸ ಅರ್ಧಕ್ಕೆ ನಿಂತಿದೆ ಅಂತ. ಈಗ ಕೆಲಸ ಮುಗೀತಲ್ಲ, ಇನ್ನು ಕೋಣೆ ಯಾಕೆ? ಹಾಡೋ ಪೆಟ್ಟಿಗೆ ಹಾಲ್‌ನಲ್ಲಿದ್ರೆ ನಾಲ್ಕು ಜನ ಕೇಳ್ತಾರೆ."

ಸಾರ್ ಬಾಗಿಲು ಬಿಟ್ಟು ಪೆಟ್ಟಿಗೆಗೆ ಅಡ್ಡ ನಿಂತರು. ಐದು ವರ್ಷದಲ್ಲಿ ಮೊದಲ ಸಲ ಅವರ ಆತ್ಮವಿಶ್ವಾಸ ಅಲುಗಾಡಿತು.

"ಇಲ್ಲ, ಮುಗಿದಿಲ್ಲ. ಎಡಗಡೆ ಗುಂಯ್ ಅಂತಿದೆ. ಇದೂ ಒಂದು ಹಾಡಾ? ಅಂಗಡೀದೇ ಇದಕ್ಕಿಂತ ವಾಸಿ."

ಭಾವಮೈದ ಬಂದು ಅವರ ಕೈ ಹಿಡಿದುಕೊಂಡ. "ಬಿಡಿ ಭಾವ, ದೊಡ್ಡತನ ಸಾಕು. ನಾನು ಸೋತೆ. ಅಂಗಡೀದು ನಿಮ್ಮದರ ಹತ್ತಿರಕ್ಕೂ ಬರಲ್ಲ." ಕಾಂಪೌಂಡರ್ ಎಡಗಡೆಯ ಸ್ಪೀಕರಿಗೆ ಬಹಳ ಹೊತ್ತು ಕಿವಿಗೊಟ್ಟು, ಎಳ್ಳಷ್ಟೂ ದೋಷವಿಲ್ಲ, ಇನ್ನು ಇದಕ್ಕೆ ಕೈ ಹಚ್ಚಿದರೇ ಕೆಡುತ್ತದೆ ಎಂದು ತೀರ್ಪು ಕೊಟ್ಟರು.

ಮೆಷಿನ್ ಒಳಗೆ ಬಂತು. ಅದಕ್ಕೆ ಜಾಗ ಬಿಡಲು ಆಂಪ್ಲಿಫೈಯರನ್ನು ಹೊತ್ತು ಹೊರಗೆ ತಂದವರು ಸ್ವತಃ ಲೈಬ್ರರಿ ಸಾರ್. ಅಷ್ಟು ಭಾರದ್ದನ್ನು ಎತ್ತಲು ಬೇರೆ ಯಾರೂ ಒಪ್ಪಲಿಲ್ಲ.