ಕಾಣದ ಊರಿನ ಮೇರಿ

ಕಂಡ ಊರಿನ ಬಗ್ಗೆ ಬರೆಯುವುದು ಭಾರಿ ಕಷ್ಟ. ಬಸ್ ನಿಲ್ದಾಣದ ಮುಂದಿನ ಗುಂಡಿಯೊಂದನ್ನು ಬಿಟ್ಟರೂ ತಪ್ಪು ಹಿಡಿಯಲು ಹತ್ತು ಜನ ಹುಟ್ಟಿಕೊಳ್ಳುತ್ತಾರೆ. ಕಾಣದ ಊರಿನ ಬಗ್ಗೆ ಬರೆಯುವ ಸುಖವೇ ಬೇರೆ. ವಿಮಾನವನ್ನು ತಲೆ ಎತ್ತಿ ನೋಡಿಯಷ್ಟೇ ಗೊತ್ತಿರುವ ನಾನು, ಹೊಸಪೇಟೆಯ ಮಹಡಿಯೊಂದರ ಸಣ್ಣ ಕೋಣೆಯಲ್ಲಿ ಕೂತು, ಕೆನಡಾದಲ್ಲಿ ಜೋಳದ ರೊಟ್ಟಿಯ ಖಾನಾವಳಿ ತೆರೆದಿದ್ದೇನೆ.

ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕಸುಬು. ಕಂಪ್ಲಿಯ ಅಕ್ಕಿ ಗಿರಣಿಯಿರಲಿ, ಕಮಲಾಪುರದ ಝೆರಾಕ್ಸ್ ಅಂಗಡಿಯಿರಲಿ, ನನ್ನ ಹತ್ತಿರ ಇರುವುದು ಒಂದೇ ಅಚ್ಚು. ಲಾಭ ವರ್ಷ ವರ್ಷ ಏರುತ್ತಲೇ ಹೋಗಬೇಕು, ಇಳಿದರೆ ಮ್ಯಾನೇಜರು ಹುಬ್ಬು ಗಂಟಿಕ್ಕುತ್ತಾರೆ. ಅಷ್ಟರಲ್ಲಿ ಅದಿರಿನ ಕಾಲ ಬಂತು. ನಮ್ಮ ಕೆಂಪು ಮಣ್ಣನ್ನು ಚೀನಾದವರು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಒಯ್ಯತೊಡಗಿದ ಮೇಲೆ, ನನ್ನ ಮೆಟ್ಟಿಲು ಹತ್ತುವವರ ಚಪ್ಪಲಿಗಳೂ ಬದಲಾದವು. ಒಂದು ದಿನ ಸಂಡೂರಿನ ಕೊಟ್ರೇಶಿ ಹೆಂಡತಿಯೊಂದಿಗೆ ಬಂದ. ಹಳೇ ಲಾರಿಯೊಂದರಿಂದ ಶುರುಮಾಡಿ ಯಾರ್ಡಿನ ತುಂಬ ಟಿಪ್ಪರ್ ನಿಲ್ಲಿಸಿದ ಆಸಾಮಿ. “ಸರ, ಕೆನಡಾಕ್ಕ ಹೋಗಬೇಕಾಗೈತಿ. ಅಲ್ಲಿ ಏನು ಧಂದೆ ಮಾಡ್ತೀವಿ ಅಂತ ಬರ್ದು ಕೊಟ್ರ ವೀಸಾ ಕೊಡ್ತಾರಂತ. ಒಂದು ಧಂದೆ ಬರೀರಿ” ಎಂದ. ಜಾತಿ ಸರ್ಟಿಫಿಕೇಟ್ ಕೇಳುವಷ್ಟು ಸಲೀಸಾಗಿ.

ಇರುವ ಧಂದೆಯೇ ಬಂಗಾರದಂತೆ ನಡೆಯುತ್ತಿರುವಾಗ ಇದೇಕೆ ಎಂದು ಕೇಳಿದೆ. ಅವನು ಕಿಟಕಿಯ ಕಡೆ ನೋಡಿದ. ಮಗಳಿಗೆ ಉಬ್ಬಸ. ಮನೆ ಟಿಪ್ಪರ್ ಓಡಾಡುವ ರಸ್ತೆಯಲ್ಲೇ ಇದೆ, ಹೆಪ್ಪು ಹಾಕಿದ ಮೊಸರಿನ ಮೇಲೂ ಕೆಂಪು ಕೂರುತ್ತದೆ. ಗಾಳಿ ಬದಲಿಸಿ ಎಂದಿದ್ದಾರೆ ಡಾಕ್ಟರು. “ನನ್ನ ಗಾಡಿ ಎಬ್ಬಿಸಿದ ಧೂಳೇ ನನ್ನ ಮಗಳ ಎದ್ಯಾಗ ಕುಂತೈತಿ ಸರ.” ಕಮಲಾಪುರದ ಬಾಳೆ ತೋಟದ ಪಕ್ಕ ಮನೆ ಮಾಡಿದರಾಗದೇ ಎಂದೆ. “ಹತ್ರ ಇದ್ರ ನಾ ಧಂದೆ ಬಿಡಂಗಿಲ್ಲ ಸರ. ನನ್ನ ಬುದ್ಧಿ ನನಗ ಗೊತ್ತೈತಿ” ಎಂದ. ಇಷ್ಟು ಪ್ರಾಮಾಣಿಕವಾದ ಮಾತನ್ನು ನನ್ನ ಕೋಣೆಯ ಗೋಡೆಗಳು ಅದುವರೆಗೆ ಕೇಳಿರಲಿಲ್ಲ.

ತೊಡಕು ಇದ್ದದ್ದು ಹೆಂಡತಿ ನಾಗರತ್ನಮ್ಮನವರಲ್ಲಿ. ಮಗಳ ಮೇಲೆ ಜೀವವೇನೋ ಸರಿ, ಆದರೆ ಆಕೆಯ ಸಹಿ ಇಲ್ಲದೆ ಅರ್ಜಿ ಮುಂದೆ ಹೋಗದು, ಆಕೆ ಪೆನ್ನು ಮುಟ್ಟರು. “ಇವರಿಗೇನ್ರಿ ಅಣ್ಣಾರ, ಹೊರಗ ಹೋಕ್ಕಾರ. ಅಲ್ಲಿ ನನ್ನ ಕೂಡ ಮಾತಾಡೋರು ಯಾರದಾರ?” ಎಂದು ಸೆರಗನ್ನು ಬಿಗಿಯಾಗಿ ಹೊದ್ದು ಕೂತುಬಿಟ್ಟರು. ಮಾತು ಮರೆಸಲು ನಾನು ನಿಯಮಗಳನ್ನು ವಿವರಿಸತೊಡಗಿದೆ. ನೀವು ತೆರೆಯುವ ರೊಟ್ಟಿ ಖಾನಾವಳಿಯಲ್ಲಿ ಅಲ್ಲಿಯವರೊಬ್ಬರಿಗಾದರೂ ಕೆಲಸ ಕೊಡಬೇಕು. ಮೇರಿ ಅಂತ ಒಬ್ಬಳು ಎಂದಿಟ್ಟುಕೊಳ್ಳಿ ಎಂದೆ. ನಾಗರತ್ನಮ್ಮ ಮೊದಲ ಸಲ ತಲೆ ಎತ್ತಿದರು.

“ಆಕಿಗೆ ಮಕ್ಕಳದಾವೇನ್ರಿ?”

ಎರಡು ಎಂದೆ. ಬಾಯಿಂದ ಬಂದುಬಿಟ್ಟಿತು.

“ಗಂಡ?”

ಇದ್ದಾನೆ, ಆದರೆ... ಎಂದು ಎಳೆದೆ.

“ಕುಡೀತಾನೇನು?”

ಸ್ವಲ್ಪ ಎಂದೆ. “ಅಯ್ಯ ಪಾಪ” ಎಂದು ಆಕೆ ಲೊಚಗುಟ್ಟಿದರು. ನಾನು ಕಂಡು ಕೇಳರಿಯದ ಒಬ್ಬ ಗಂಡಸನ್ನು ಕುಡುಕನನ್ನಾಗಿ ಮಾಡಿದ್ದು ಹೀಗೆ.

ಅಲ್ಲಿಂದಾಚೆಗೆ ಆಕೆ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬರತೊಡಗಿದರು. ಮೇರಿ ದಿನವಿಡೀ ನಿಂತರೆ ಮೊಣಕಾಲು ಹಿಡಿಯುತ್ತದೆ, ಒಂದು ಸ್ಟೂಲು ಬರೀರಿ. ಗಿರಾಕಿ ಉಂಡ ಮೇಲೆ ಉಳಿದದ್ದನ್ನು ಆಕೆ ತಿನ್ನಬಾರದು, ಮೊದಲ ಬಿಸಿ ರೊಟ್ಟಿ ಆಕೆಗೇ. ದೀಪಾವಳಿಗೆ ಸೀರೆ, ಆಕೆಯ ಮಗಳ ಮದುವೆಗೆ ಕೈಗಡ. ಅಮಾವಾಸ್ಯೆಗೆ ಅಂಗಡಿ ಬಂದ್. ನಮ್ಮ ಗಿರಣಿಗಳಲ್ಲಿ ನಡೆಯುವುದೇ ಹೀಗಾದ್ದರಿಂದ ನಾನು ಎಲ್ಲವನ್ನೂ ಶ್ರದ್ಧೆಯಿಂದ ಬರೆದೆ. ಆಷಾಢ ಕಳೆದ ಮೇಲೆ ಪ್ರಾರಂಭೋತ್ಸವ ಎಂದೂ ಸೇರಿಸಿದೆ. ಕೊಟ್ರೇಶಿಗೆ ಹೊಟ್ಟೆಕಿಚ್ಚು. “ನನ್ನ ಊಟದ ಚಿಂತಿ ಇಲ್ಲ ಸರ ಇಕಿಗೆ, ಬರೇ ಮೇರಿ, ಮೇರಿ” ಎಂದು ಗೊಣಗಿದ.

ಒಂದು ಮಧ್ಯಾಹ್ನ ನಾಗರತ್ನಮ್ಮ ತಾವಾಗಿಯೇ ಪೆನ್ನು ಕೇಳಿದರು. “ಆಕಿ ಇಲ್ಲ ಅನ್ನೋದು ನನಗೂ ಗೊತ್ತೈತ್ರಿ ಅಣ್ಣಾರ. ಅಂಥಾಕಿ ಒಬ್ಬಾಕಿ ಅಲ್ಲಿ ಇರ್ತಾಳಲ್ಲ?” ಎಂದು ಸಹಿ ಹಾಕಿದರು. ಇರುತ್ತಾಳೆ ಎಂದೆ. ಹಾಗೆ ಹೇಳಲು ನನಗೆ ಯಾವ ಆಧಾರವೂ ಇರಲಿಲ್ಲ.

ವೀಸಾ ಕೆಲಸ ನೋಡುತ್ತಿದ್ದ ಬೆಂಗಳೂರಿನ ಏಜೆಂಟ್ ಫೋನಿನಲ್ಲೇ ಮೈಮೇಲೆ ಏರಿಬಂದ. “ಏನ್ರೀ ಇದು? ಆಷಾಢ, ಅಮಾವಾಸ್ಯೆ, ಸೀರೆ! ಇದು ಬಿಸಿನೆಸ್ ಪ್ಲಾನೋ, ಮದುವೆ ಮಾತುಕತೆಯೋ?” ಸ್ಟೂಲು ಒಂದನ್ನು ಬಿಟ್ಟು ಮೇರಿಗೆ ಸಂಬಂಧಿಸಿದ ಎಲ್ಲವನ್ನೂ ಹೊಡೆದುಹಾಕಿದ. ಸ್ವಂತ ತಂಗಿಯ ತವರಿನ ಪಾಲು ತಪ್ಪಿಸಿದಷ್ಟು ಸಂಕಟ ನನಗೆ. ನಾಗರತ್ನಮ್ಮನವರಿಗೆ ಹೇಳುವ ಧೈರ್ಯವಾಗಲಿಲ್ಲ.

ವೀಸಾ ಬಂತು. ಟಿಪ್ಪರ್ ಮಾರಿ ಮೂವರೂ ಹೋದರು. ಬಹಳ ದಿನ ಸುದ್ದಿಯಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾಗರತ್ನಮ್ಮನ ಫೋನು. ರೊಟ್ಟಿ ಯಾರೂ ಕೇಳುವುದಿಲ್ಲವಂತೆ, ಮಿರ್ಚಿ ಮಾತ್ರ ಖರ್ಚಾಗುತ್ತದಂತೆ. ಮಗಳು ಹುಲ್ಲಿನ ಮೇಲೆ ಓಡುತ್ತಾಳೆ, ಉಬ್ಬಸದ ಪಂಪು ಕಪಾಟಿನಲ್ಲೇ ಇದೆ. ಮೇರಿ ಸಿಕ್ಕಳೇ ಎಂದು ಅಂಜುತ್ತಲೇ ಕೇಳಿದೆ.

“ಹೆಲೆನ್ ಅಂತ್ರಿ, ಅಂಗಡ್ಯಾಗ ಕೆಲಸಕ್ಕ ಅದಾಳ. ವಯಸ್ಸಾದಾಕಿ. ಗಂಡನೇ ಇಲ್ಲ. ಬಂದ ಹೊಸದ್ರಾಗ ನನ್ನ ಕೈಗೆ ಕಾದ ಎಣ್ಣಿ ಸಿಡೀತು. ಆಕಿನೇ ದವಾಖಾನಿಗೆ ಕರ್ಕೊಂಡು ಹೋದ್ಲು. ಮನೀಗೆ ಬಂದು ನನ್ನ ತಲಿ ಬಾಚ್ತಿದ್ಲು, ಮಗಳಿಗೆ ಉಣ್ಣಾಕ ಇಡ್ತಿದ್ಲು. ಆಕಿ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಆಕಿಗೆ ತಿಳಿಯಂಗಿಲ್ಲ, ಆದ್ರ ದಿನಾ ಮಾತಾಡ್ತೀವಿ. ಅಲ್ಲರಿ ಅಣ್ಣಾರ, ನಾವು ಆಕಿನ್ನ ನೋಡ್ಕೊಳ್ಳೋದು ಅಷ್ಟೆಲ್ಲಾ ಬರ್ದ್ವಿ. ಆಕಿ ನಮ್ಮನ್ನ ನೋಡ್ಕೊಳ್ಳೋದು ನೀವು ಬರೀಲೇ ಇಲ್ಲ ನೋಡ್ರಿ!”

ಇಷ್ಟು ವರ್ಷ ಕಸುಬು ಮಾಡಿದವನ ಗತ್ತನ್ನು ಅಷ್ಟು ಸುಲಭವಾಗಿ ಬಿಡಲಾದೀತೇ? “ಅದೆಲ್ಲ ಇತರೆ ಖರ್ಚಿನಲ್ಲಿ ಬರುತ್ತದಮ್ಮ” ಎಂದುಬಿಟ್ಟೆ. ಆಕೆ ನಕ್ಕರು. ಅದು ಖರ್ಚಿನ ಕಡೆಗೆ ಬರುವಂಥದ್ದಲ್ಲ ಎಂದು ಈ ಪಂಡಿತನಿಗೆ ಹೊಳೆದದ್ದು ಫೋನ್ ಇಟ್ಟ ಮೇಲೆ.